ಏನನ್ನು ಸುಟ್ಟ ಬೂದಿ?

ಮಾನ್ಯ ವಸತಿ ಅಧಿಕಾರಿಗಳೇ,

ಗೋಡೆ ತಿನ್ನುವ ವಸ್ತುವಲ್ಲ ಎಂದು ಕಳೆದ ಸೋಮವಾರ ಬಸವಕಲ್ಯಾಣದ ತಮ್ಮ ಕಚೇರಿಯಲ್ಲಿ ತಾವು ನನಗೆ ತಿಳಿಹೇಳಿದಿರಿ. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳಿಗೆ ಈ ವಯಸ್ಸಿನಲ್ಲಿ ಹೊಸ ಪಾಠವೊಂದನ್ನು ಕಲಿಸಿದ್ದಕ್ಕೆ ಋಣಿಯಾಗಿದ್ದೇನೆ. ಆದರೆ ನಾನು ಕೇಳಲು ಬಂದದ್ದು ಬೇರೆ. ರಾಜೇಶ್ವರದಲ್ಲಿ ವಿದ್ಯಾರ್ಥಿಗಳು ಕಟ್ಟಿದ, ತಾವು ಬಹುಮಾನ ಕೊಟ್ಟ ಆ ಮನೆಯ ಗೋಡೆಯೊಳಗೆ ಇರುವುದಾದರೂ ಏನು? ಅದು ಗೊತ್ತಾಗುವ ಮೊದಲೇ ಅದೇ ಇಟ್ಟಿಗೆಯಲ್ಲಿ ನಮ್ಮೂರ ಬಾಲವಾಡಿಯನ್ನು ಏಕೆ ಕಟ್ಟಿಸುತ್ತಿದ್ದೀರಿ? ತಾವು ಚಹಾ ತರಿಸಿದಿರಿ, ಗಡಿಯಾರ ನೋಡಿದಿರಿ, "ಗೋಡೆ ತಿನ್ನುವ ವಸ್ತುವಲ್ಲ ಮೇಡಂ" ಎಂದಿರಿ. ಚಹಾ ಚೆನ್ನಾಗಿತ್ತು. ಉತ್ತರ ಮಾತ್ರ ಸಿಗಲಿಲ್ಲ. ಆದ್ದರಿಂದ ಹತ್ತು ಜನ ಓದುವಂತೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಬೇರೆ ಊರಿನ ಓದುಗರಿಗೆ ಮೊದಲಿನಿಂದ ಹೇಳಬೇಕು. ಹೋದ ವರ್ಷ, ೧೯೮೫ರ ಬೇಸಿಗೆಯಲ್ಲಿ, ತಮ್ಮ ಕಚೇರಿ ತಾಂತ್ರಿಕ ವಿದ್ಯಾರ್ಥಿಗಳಿಗಾಗಿ ಒಂದು ಸ್ಪರ್ಧೆ ಇಟ್ಟಿತು. ನಿಸರ್ಗಕ್ಕೆ ಹೊರೆಯಾಗದ ಮನೆಯೊಂದರ ನಕ್ಷೆಯನ್ನು ಹುಡುಗರೇ ಬರೆಯಬೇಕು, ಹುಡುಗರೇ ಕಟ್ಟಬೇಕು. ಗೆದ್ದ ಮನೆಯನ್ನು ಸೂರಿಲ್ಲದ ಕುಟುಂಬಕ್ಕೆ ಕೊಡಲಾಗುವುದು. ಒಳ್ಳೆಯ ವಿಚಾರ. ಇದರಲ್ಲಿ ನನ್ನ ತಕರಾರಿಲ್ಲ. ಹುಮನಾಬಾದಿನಲ್ಲಿ ಓದುತ್ತಿದ್ದ ನಾಲ್ಕೈದು ಹುಡುಗರು ಒಂದು ಗುಂಪು ಕಟ್ಟಿಕೊಂಡರು. ಅವರ ಮುಂದಾಳು ನರಸಿಂಗ ಮೂರನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿತವನು. ಜಾಗ ಕೇಳಿಕೊಂಡು ಬಂದ. ನನ್ನ ಹಿತ್ತಲಾಚೆ ಬರೀ ಜಾಲಿ ಬೆಳೆದು ಬಿದ್ದಿದ್ದ ತುಂಡು ನೆಲವನ್ನು ಬಿಟ್ಟುಕೊಟ್ಟೆ.

ಆ ಬೇಸಿಗೆಯಲ್ಲಿ ಹಿತ್ತಲ ಬಾಗಿಲು ತೆರೆದರೆ ಸಾಕು, ಮನಸ್ಸಿಗೆ ಹಬ್ಬದಂತಿರುತ್ತಿತ್ತು. ಹುಡುಗರು ಪ್ಯಾಂಟು ಮೊಣಕಾಲ ಮೇಲಕ್ಕೆ ಮಡಚಿಕೊಂಡು ಕೆಸರು ತುಳಿದರು. ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ ಇಟ್ಟಿಗೆ ಅಚ್ಚು ಹಾಕಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ತಿಳಿಯಲು ಊದಿನಕಡ್ಡಿ ಹಚ್ಚಿಟ್ಟು ಹೊಗೆ ನೋಡುತ್ತ ಕುಳಿತರೆ, ದಾರಿಯಲ್ಲಿ ಹೋಗುವವರು ಏನೋ ಪೂಜೆ ಎಂದುಕೊಂಡು ಕೈ ಮುಗಿದು ಹೋದರು. ಸ್ನಾನದ ನೀರು ಬಾಳೆಗಿಡಕ್ಕೆ ಹೋಗಬೇಕು, ಬಿಸಿಗಾಳಿ ಮೇಲಿನ ಕಿಂಡಿಯಿಂದ ಹೊರಗೆ ಹೋಗಬೇಕು, ಮನೆ ಒಂದು ದಿನ ಬಿದ್ದರೆ ಮಣ್ಣು ಮಣ್ಣಿಗೇ ಸೇರಬೇಕು ಎನ್ನುತ್ತಿದ್ದ ನರಸಿಂಗ. ಇನ್ನೂ ಕಟ್ಟದ ಮನೆ ಬೀಳುವ ಮಾತು ಯಾಕೋ ಮಾರಾಯ ಎಂದು ನಾನು ಗದರಿಸುತ್ತಿದ್ದೆ. ಆ ಮನೆಯನ್ನು ಅವರು ಹಾಗೆಯೇ ಕಟ್ಟಿ ಮುಗಿಸಿದ್ದರೆ ನಾನಿಂದು ಈ ಪತ್ರ ಬರೆಯುತ್ತಿರಲಿಲ್ಲ.

ಅಷ್ಟರಲ್ಲಿ ತಾವು ತಪಾಸಣೆಗೆ ಬಂದಿರಿ. ಅರ್ಧ ಎದ್ದ ಗೋಡೆಯನ್ನು ಬೆರಳಿನಿಂದ ಕುಟ್ಟಿ, "ಬರೀ ಮಣ್ಣಿನ ಮನೆಯಲ್ಲಿ ಹೊಸದೇನಿದೆ? ನಿಮ್ಮಜ್ಜ ಕಟ್ಟಿಲ್ಲವೇ?" ಎಂದಿರಿ. ತ್ಯಾಜ್ಯ ಬಳಸಿದವರಿಗೆ ಬೇರೆ ಅಂಕಗಳಿವೆ ಎಂದು ಆಸೆ ಹಚ್ಚಿದಿರಿ. ಮರುವಾರ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಿಂದ ಲಾರಿ ಬಂತು. ಬೂದುಬಿಳಿ ಬಣ್ಣದ ಪುಡಿಯನ್ನು ರಾಶಿ ಸುರಿದು ಹೋಯಿತು. ಎಲ್ಲವೂ ಬಿಟ್ಟಿ. ಕಾರ್ಖಾನೆಯವರು ಎಂಥ ಧಾರಾಳಿಗಳು ಎಂದು ತಾವು ಕೊಂಡಾಡಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಕಾಸು ಬಿಚ್ಚದವರು ಲಾರಿಗಟ್ಟಲೆ ಮಾಲನ್ನು ತಮ್ಮದೇ ಡೀಸೆಲ್ ಸುಟ್ಟು ಬೇರೆಯವರ ಅಂಗಳಕ್ಕೆ ತಂದು ಸುರಿಯುವುದು ಯಾವ ಪುಣ್ಯಕ್ಕೆ ಎಂದು ತಮಗೆ ಅನ್ನಿಸಲೇ ಇಲ್ಲವೇ?

ನರಸಿಂಗನಿಗೆ ಅನ್ನಿಸಿತು. ತಮ್ಮ ಎದುರಿಗೇ ಕೇಳಿದ. "ಸಾಹೇಬ್ರ, ಇದು ಏನ್ ಸುಟ್ಟ ಬೂದಿರಿ?" ತಾವು ನಕ್ಕಿರಿ. ಸುಟ್ಟದ್ದು ಸುಟ್ಟು ಹೋಯಿತಲ್ಲಪ್ಪ, ಉಳಿದದ್ದು ಬೂದಿ, ಅಷ್ಟೇ ಎಂದಿರಿ. ಸುತ್ತ ನಿಂತವರೂ ನಕ್ಕರು. ಆ ನಗೆಯಲ್ಲಿ ಪ್ರಶ್ನೆ ಮುಳುಗಿಹೋಯಿತು.

ಸ್ವಾಮಿ, ತಾವು ಆ ಪುಡಿಗೆ ಬೂದಿ ಎಂದು ಹೆಸರಿಟ್ಟದ್ದರಲ್ಲೇ ಅನಾಹುತ ಇರುವುದು. ನಮ್ಮಲ್ಲಿ ಬೂದಿಗೆ ಹೆದರುವವರು ಯಾರಿದ್ದಾರೆ? ಬೂದಿಯಿಂದ ಹಲ್ಲುಜ್ಜುತ್ತೇವೆ, ಪಾತ್ರೆ ತಿಕ್ಕುತ್ತೇವೆ, ಬೀಜದ ಕಾಳಿಗೆ ಹುಳ ಬೀಳದಂತೆ ಸವರುತ್ತೇವೆ. ಬಾಣಂತಿಯ ಕೋಣೆಯ ಹೊಸ್ತಿಲಿಗೂ ಬೂದಿ ಹಾಕುತ್ತೇವೆ. ವಿಷ ಎಂದಿದ್ದರೆ ದೂರ ಸರಿಯುತ್ತಿದ್ದರು. ಕಸ ಎಂದಿದ್ದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ಬೂದಿ ಎಂದ ಕೂಡಲೇ ಹುಡುಗರು ಬರಿಗೈಯಲ್ಲಿ ಮಣ್ಣಿಗೆ ಕಲಸಿದರು. ಒಂದು ವಾರದೊಳಗೆ ನರಸಿಂಗನ ಅಂಗೈ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಸುಣ್ಣದ ಕೆಲಸದಲ್ಲಿ ಹೀಗಾಗುವುದು ಸಹಜ ಎಂದರು ತಮ್ಮ ಇನ್‌ಸ್ಪೆಕ್ಟರು. ಆ ಮನೆಗೆ ಯಾರೂ ಸುಣ್ಣ ಹಾಕಿರಲಿಲ್ಲ.

ಮನೆ ಮುಗಿಯಿತು, ಮೊದಲ ಬಹುಮಾನವೂ ಬಂತು. ದಸರೆಯ ಮರುದಿನ ಆಡು ಸಾಕಿ ಬದುಕುವ ಅಮೋಘಸಿದ್ದಪ್ಪನ ಕುಟುಂಬವನ್ನು ಅಲ್ಲಿ ಇರಿಸಿದಿರಿ. ಅವನು, ಹೆಂಡತಿ ಜಿಜಾಬಾಯಿ, ಮಗ, ಸೊಸೆ ಸುಮನಬಾಯಿ. ಕಂಬಳಿ ಹೊದ್ದ ಗಂಡ, ಕೈಯಲ್ಲಿ ಮರಿ ಹಿಡಿದ ಹೆಂಡತಿ, ಹಿಂದೆ ಬಹುಮಾನದ ಮನೆ. ಪಟ ಪತ್ರಿಕೆಯಲ್ಲಿ ಚೆನ್ನಾಗಿ ಬಂದಿತ್ತು.

ದೀಪಾವಳಿ ಕಳೆದು ಚಳಿ ಬಿದ್ದ ಹೊತ್ತಿಗೆ ಆಡುಗಳು ಆ ಗೋಡೆಯನ್ನು ನೆಕ್ಕತೊಡಗಿದವು. ಮೇವು ಬಿಟ್ಟು ಬಂದು ಸಾಲಾಗಿ ನಿಂತು ನೆಕ್ಕುತ್ತಿದ್ದವು. ಅಮೋಘಸಿದ್ದಪ್ಪನಿಗೆ ಖುಷಿ. "ಈ ವರ್ಷ ಆಡಿಗಿ ಉಪ್ಪು ಇಡೂದೇ ಬ್ಯಾಡ ನೋಡ್ರಿ ಅಕ್ಕೋರ. ಗ್ವಾಡ್ಯಾಗೇ ಉಪ್ಪ ಅದ" ಎಂದ. ತಮಗೂ ಹೇಳಿದನಂತೆ. ಮನೆ ಜಾನುವಾರುಗಳಿಗೂ ಉಪಯುಕ್ತ ಎಂದು ತಾವು ಸಭೆಯೊಂದರಲ್ಲಿ ಭಾಷಣ ಮಾಡಿದಿರಿ. ಸಂಕ್ರಮಣದ ಸುಮಾರಿಗೆ ಗಬ್ಬದ ಆಡುಗಳು ಒಂದರ ಹಿಂದೆ ಒಂದು ಕಂದು ಹಾಕಿದವು. ದಿನ ತುಂಬದ, ಕೂದಲಿಲ್ಲದ ಮರಿಗಳು. ಒಂದೂ ಉಸಿರಾಡಲಿಲ್ಲ. ಪಶು ಆಸ್ಪತ್ರೆಯವರು ಬಂದು ಚಳಿಗೆ ಹೀಗಾಗಿದೆ ಎಂದರು. ಆ ಚಳಿ ನಮ್ಮೂರ ಬೇರೆ ಯಾವ ಆಡಿಗೂ ತಟ್ಟಲಿಲ್ಲ. ಈ ಭೇದ ಏಕೆಂದು ಯಾರಾದರೂ ನನಗೆ ವಿವರಿಸಿದರೆ ತಲೆಬಾಗಿ ಕೇಳುತ್ತೇನೆ.

ಇನ್ನು ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಕಚೇರಿಗೆ ಹೇಳುವ ಸಂಗತಿಯಲ್ಲ ಇದು, ಆದರೂ ಹೇಳಲೇಬೇಕಾಗಿದೆ. ನನ್ನದು ಮಣ್ಣಿನ ಗೋಡೆಯ ಹಳೆಯ ಮನೆ. ಅಡುಗೆಮನೆಯ ಬಾಗಿಲ ಹಿಂದೆ, ಕುಳಿತರೆ ಕೈಗೆಟುಕುವಷ್ಟು ಎತ್ತರದಲ್ಲಿ, ಗೋಡೆಯಲ್ಲೊಂದು ಗುಳಿ ಇದೆ. ಹಬ್ಬಕ್ಕೆ ಮನೆಯೆಲ್ಲ ಸಾರಿಸಿದರೂ ಅದನ್ನು ಯಾರೂ ಮೆತ್ತುವುದಿಲ್ಲ. ನಾನು ಸೊಸೆಯಾಗಿ ಬಂದಾಗ ಏಕೆಂದು ತಿಳಿಯದೆ ಮೆತ್ತಲು ಹೋಗಿದ್ದೆ. "ಇರ್ಲಿ ಬಿಡವ್ವ. ನಿನಗೂ ಬೇಕಾಗ್ತದ" ಎಂದರು ನಮ್ಮತ್ತೆ. ಬೇಕಾಯಿತು. ಬಸುರಿನ ಬಯಕೆ ಕಚೇರಿಗಳಿಗೆ ತಿಳಿಯುವುದಿಲ್ಲ. ಒದ್ದೆ ಮಣ್ಣಿನ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆ. ಯಾರೂ ಇಲ್ಲದ ಹೊತ್ತು ನೋಡಿ ಬಾಗಿಲ ಹಿಂದೆ ಕುಳಿತು, ಉಗುರಿನಿಂದ ಕೆರೆದು ನಾಲಗೆಗೆ ಇಟ್ಟುಕೊಳ್ಳುತ್ತೇವೆ. ನಮ್ಮತ್ತೆಯ ಅತ್ತೆ ತಿಂದಿದ್ದರು, ನಮ್ಮತ್ತೆ ತಿಂದಿದ್ದರು, ನಾನು ತಿಂದೆ. ತಿನ್ನಬಾರದು ಎಂದು ನಾನೇ ಶಾಲೆಯಲ್ಲಿ ಹೇಳುತ್ತಿದ್ದೆ, ಮನೆಗೆ ಬಂದು ತಿನ್ನುತ್ತಿದ್ದೆ. ಗೋಡೆ ತಿನ್ನುವ ವಸ್ತುವಲ್ಲ ಎಂದು ತಾವು ಹೇಳಿದಾಗ ನಾನು ತಮ್ಮ ಮುಖ ಬಿಟ್ಟು ಚಹಾದ ಕಪ್ಪು ನೋಡಿದ್ದು ಈ ಕಾರಣಕ್ಕೆ.

ಆಡುಗಳು ಕಂದು ಹಾಕಿದ ಮೇಲೆ, ಒಂದು ಬೆಳಿಗ್ಗೆ ಜಿಜಾಬಾಯಿ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದಳು. ಬಹುಮಾನದ ಮನೆಯ ಅಡುಗೆ ಬಾಗಿಲನ್ನು ಸರಿಸಿದಳು. ಹಿಂದೆ, ಕುಳಿತರೆ ಕೈಗೆಟುಕುವಷ್ಟು ಎತ್ತರದಲ್ಲಿ, ಒಂದು ಗುಳಿ. ಹೊಸ ಗೋಡೆಯಲ್ಲಿ ಹೊಸ ಗುಳಿ, ಹೆಬ್ಬೆರಳು ಪೂರ್ತಿ ಇಳಿಯುವಷ್ಟು ಆಳ. "ಇಲಿ ಅಂತ ತಿಳದಿದ್ದೆ ಅಕ್ಕೋರ. ಇಲಿ ಕೈಯಾಗ ಬಳಿ ಇರಂಗಿಲ್ಲಲಾ. ನಿನ್ನಿ ಬಳಿ ಸದ್ದು ಕೇಳೀನಿ" ಎಂದು ಅವಳು ಅಳತೊಡಗಿದಳು. ಸುಮನಬಾಯಿ ಒಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದಳು. ಬಸುರಿ, ಆಗ ಅವಳಿಗೆ ಐದು ತಿಂಗಳು.

ತಮ್ಮ ಕಚೇರಿಗೆ ದೂರು ಕೊಟ್ಟೆವು. ಇನ್‌ಸ್ಪೆಕ್ಟರು ಬಂದು ಗುಳಿ ನೋಡಿ, "ಇಲಿ ಕಡಿತ, ಫಲಾನುಭವಿಯ ಅಲಕ್ಷ್ಯ" ಎಂದು ಬರೆದುಕೊಂಡು, ಅದೇ ಬೂದಿಯ ಗಾರೆಯಿಂದ ಅದನ್ನು ಮೆತ್ತಿಸಿ ಹೋದರು. ಒದ್ದೆ ಗಾರೆಯ ವಾಸನೆಗೆ ಬಸುರಿ ಹೆಂಗಸು ಆ ಸಂಜೆ ಹೇಗೆ ಒದ್ದಾಡಿದಳೆಂಬುದನ್ನು ನಾನು ಇಲ್ಲಿ ಬರೆಯಲಾರೆ. ಮನೆ ಬಿಟ್ಟು ನನ್ನಲ್ಲಿಗೆ ಬನ್ನಿರೆಂದು ಅಮೋಘಸಿದ್ದಪ್ಪನಿಗೆ ಹೇಳಿದೆ. "ಬಿಟ್ಟ್ರ ಹಕ್ಕುಪತ್ರ ಸಿಗಂಗಿಲ್ಲಂತರಿ. ಸಾಹೇಬ್ರು ಹೇಳ್ಯಾರ. ಜಲಮದಾಗ ಒಮ್ಮಿ ಗ್ವಾಡಿ ಕಂಡೀವಿ, ಹ್ಯಾಂಗ ಬಿಡೂದ್ರಿ?" ಎಂದ. ಅವನ ಮೇಲೆ ಸಿಟ್ಟು ಬಂತು. ಆಮೇಲೆ ಆ ಸಿಟ್ಟು ಯಾರ ಮೇಲೆ ಬರಬೇಕಾದದ್ದೋ ಅಲ್ಲಿಗೆ ತಿರುಗಿತು.

ನರಸಿಂಗ ಆ ಇಟ್ಟಿಗೆಯ ತುಂಡೊಂದನ್ನು ರಸಾಯನಶಾಸ್ತ್ರ ಹೇಳುವ ಮಾಸ್ತರರ ಬಳಿ ಒಯ್ದಿದ್ದ. ಅವರು ಮೂಸಿ ನೋಡಿದರು. ಮೇಜಿನ ಮೇಲಿಟ್ಟರು. ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡರು, ಬಂದು ಕುಳಿತವರು ಮತ್ತೆ ಎದ್ದು ಹೋಗಿ ಇನ್ನೊಮ್ಮೆ ತೊಳೆದುಕೊಂಡರು. "ಇದನ್ನ ಇಲ್ಲಿಂದ ಒಯ್ಯೋ. ನನ್ನ ಹೆಸರ ಎಲ್ಲೂ ಹೇಳಬ್ಯಾಡ" ಎಂದರಂತೆ. ಇದನ್ನೆಲ್ಲ ನನಗೆ ಹೇಳಿ ನರಸಿಂಗ ತನ್ನ ಅಂಗೈ ನೋಡಿಕೊಂಡ. "ಅಕ್ಕೋರ, ನಾವು ಮನಿ ಕಟ್ಟೀವೋ ಏನ್ ಕಟ್ಟೀವ್ರಿ?" ಎಂದ. ನಿಮ್ಮದೇನೂ ತಪ್ಪಿಲ್ಲ ಎಂದೆ. ಅವನು ನಂಬಲಿಲ್ಲ. ಈಗ ಹಿತ್ತಲ ಕಡೆಗೇ ಬರುವುದಿಲ್ಲ. ಕಲಿತ ಮಾಸ್ತರರು ಎರಡು ಸಲ ಕೈ ತೊಳೆದ ವಸ್ತುವನ್ನು ಸುಮನಬಾಯಿ ನಾಲಗೆಯಲ್ಲಿ ಕರಗಿಸಿದ್ದಾಳೆ.

ಈಗ ಅವಳಿಗೆ ಏಳು ತಿಂಗಳು. ನನ್ನ ಮನೆಗೆ ಕರೆತಂದು ನನ್ನ ಬಾಗಿಲ ಹಿಂದಿನ ಗುಳಿಯನ್ನು ತೋರಿಸಿದೆ. ಬಯಕೆ ತಡೆಯದಿದ್ದರೆ ಇದನ್ನು ತಿನ್ನು ಮಗಳೇ, ನಾವೆಲ್ಲ ತಿಂದದ್ದು, ಇದರಿಂದ ಯಾರಿಗೂ ಕೇಡಾಗಿಲ್ಲ ಎಂದೆ. ಅವಳು ಕುಳಿತು ಚಿಟಿಕೆಯಷ್ಟು ಕೆರೆದು ಬಾಯಿಗಿಟ್ಟುಕೊಂಡಳು. ನಾನು ಬಾಗಿಲ ಬಳಿ ನಿಂತಿದ್ದೆ. ಅವಳು ಸೆರಗಿನಿಂದ ತುಟಿ ಒರೆಸಿಕೊಂಡು ನಾಚಿಕೆಯಿಂದ ಹೇಳಿದಳು, "ಸಪ್ಪಗ ಅದರಿ ಅಕ್ಕೋರ. ಆ ಗ್ವಾಡಿಗಿ ರುಚಿ ಜಾಸ್ತಿ ಅದ." ಕೂಸು ಮೊದಲಿನಂತೆ ಒದೆಯುತ್ತಿಲ್ಲ ಎಂದು ಅವಳೇ ಮೊನ್ನೆ ಜಿಜಾಬಾಯಿಯ ಹತ್ತಿರ ಹೇಳಿದ್ದಾಳೆ. ಹುಮನಾಬಾದಿನ ಆಸ್ಪತ್ರೆಗೆ ಕರೆದೊಯ್ದೆವು. ಏನು ತಿಂದಿದ್ದಾಳೆ ಎಂದು ಡಾಕ್ಟರು ಕೇಳಿದರು. ಗೋಡೆ ಎಂದೆವು. ಯಾವ ಗೋಡೆ, ಅದರಲ್ಲಿ ಏನಿದೆ ಎಂದು ಕೇಳಿದರು. ಹೇಳಲು ನಮಗೆ ಗೊತ್ತಿರಲಿಲ್ಲ. ಗೊತ್ತಾಗದೆ ಔಷಧ ಹೇಗೆ ಕೊಡಲಿ ಎಂದು ಅವರು ಚೀಟಿ ಬರೆಯದೆ ಪಕ್ಕಕ್ಕಿಟ್ಟರು. ಉತ್ತರ ಬಸವಕಲ್ಯಾಣದ ತಮ್ಮ ಕಚೇರಿಯ ಮೇಜಿನ ಆಚೆ ಬದಿಯಲ್ಲಿದೆ ಎಂದು ಅವರಿಗೆ ಹೇಳಿ ಬಂದಿದ್ದೇನೆ.

ಅದೇ ಇಟ್ಟಿಗೆಯ ಬಾಲವಾಡಿ ನಮ್ಮೂರಲ್ಲಿ ಈಗ ಕಿಟಕಿಯ ಮಟ್ಟಕ್ಕೆ ಬಂದಿದೆ. ಬಸವ ಜಯಂತಿಯಂದು ಉದ್ಘಾಟನೆ ಎಂದು ತಾವು ಸಾರಿದ್ದೀರಿ. ಬಾಲವಾಡಿಗೆ ಬರುವವರು ಯಾರೆಂದು ತಾವು ಬಲ್ಲಿರಿ. ಮೂರು ವರ್ಷದ ಮಗು ಗೋಡೆಗೆ ಒರಗಿ ಕುಳಿತರೆ ಮೊದಲು ಅದಕ್ಕೆ ನಾಲಗೆ ಹಚ್ಚುತ್ತದೆ. ಇಷ್ಟು ತಿಳಿಯಲು ತರಬೇತಿ ಬೇಕಾಗಿಲ್ಲ, ಒಂದು ಮಗುವನ್ನು ಸಾಕಿದ್ದರೆ ಸಾಕು. ಗೋಡೆ ತಿನ್ನುವ ವಸ್ತುವಲ್ಲ ಎಂದು ಆ ಮಕ್ಕಳಿಗೆ ಯಾರು ಹೇಳುತ್ತಾರೆ? ತಾವು ಬರುತ್ತೀರಾ, ದಿನವೂ?

ನನ್ನ ಬೇಡಿಕೆ ಇಷ್ಟು. ಬಾಲವಾಡಿಯ ಕೆಲಸವನ್ನು ಇವತ್ತೇ ನಿಲ್ಲಿಸಿ. ಅದು ಏನನ್ನು ಸುಟ್ಟ ಬೂದಿ, ಅಸಲಿಗೆ ಅದನ್ನು ಸುಟ್ಟದ್ದಾದರೂ ಹೌದೇ ಎಂದು ಕಾರ್ಖಾನೆಯಿಂದ ಬರೆಸಿಕೊಂಡು ಆಸ್ಪತ್ರೆಯ ಡಾಕ್ಟರಿಗೆ ಮುಟ್ಟಿಸಿ. ಅಮೋಘಸಿದ್ದಪ್ಪನ ಹಕ್ಕು ಹೋಗದಂತೆ ಅವರನ್ನು ಆ ಮನೆಯಿಂದ ಹೊರಗೆ ತನ್ನಿ. ಇಷ್ಟೂ ಆಗದು, ಬೂದಿ ನಿರಪಾಯಕಾರಿ ಎಂಬುದೇ ತಮ್ಮ ನಂಬಿಕೆಯಾದರೆ, ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವ ಮೊದಲು ಬಾಲವಾಡಿಯ ಗೋಡೆಯಿಂದ ಉಗುರಿನಷ್ಟು ಕೆರೆದು, ಊರ ಜನರೆದುರು ತಮ್ಮ ನಾಲಗೆಯ ಮೇಲೆ ಇಟ್ಟುಕೊಳ್ಳಿ. ನೀರಿನ ತಂಬಿಗೆ ಹಿಡಿದು ನಾನು ಪಕ್ಕದಲ್ಲೇ ನಿಂತಿರುತ್ತೇನೆ. ತಾವು ನುಂಗಿದರೆ ಅಲ್ಲೇ ತಮ್ಮ ಕಾಲು ಮುಟ್ಟಿ ಕ್ಷಮೆ ಕೇಳುತ್ತೇನೆ. ಆಮೇಲೆ ಹಿತ್ತಲಾಚೆಯ ಮನೆಗೆ ಹೋಗೋಣ. ಅಷ್ಟರಲ್ಲಿ ಸುಮನಬಾಯಿಗೆ ದಿನ ತುಂಬಿರುತ್ತದೆ. ತೊಟ್ಟಿಲಲ್ಲಿ ಕೂಸಿದ್ದರೆ, ಗೋಡೆ ತಿನ್ನುವ ವಸ್ತುವಲ್ಲ ಎಂಬ ಮಾತನ್ನು ಅದರ ತಾಯಿಗೆ ತಾವೇ ಹೇಳಿ. ಇಲ್ಲದಿದ್ದರೂ ತಾವೇ ಹೇಳಿ.

ಇಂತಿ,
ಮೂರು ಬಸುರಿನಲ್ಲೂ ಗೋಡೆ ತಿಂದು, ಬರೀ ಮಣ್ಣಾಗಿದ್ದುದರಿಂದ ಬದುಕಿ ಉಳಿದ
ಶಕುಂತಲಾಬಾಯಿ
ನಿವೃತ್ತ ಮುಖ್ಯೋಪಾಧ್ಯಾಯಿನಿ, ರಾಜೇಶ್ವರ
ಮಾರ್ಚ್ ೧೯೮೬