ಗ್ರಾಫಿನಲ್ಲಿ ಕಂಡ ಉಬ್ಬು

ಪ್ರಿಯ ಸಹೋದ್ಯೋಗಿಗೆ,

ದಯವಿಟ್ಟು ಈ ಪತ್ರ ಓದಿದ ಕೂಡಲೇ ಆ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ, ಅವರು ಕೊಡಲು ಬಂದ ಕಾಯಂ ಹುದ್ದೆಯನ್ನು ಒಪ್ಪಿಕೊಳ್ಳಿ. ಬೇಡವೆಂದದ್ದು ಅವಸರದಲ್ಲಿ ಎಂದರೆ ಸಾಕು.

ಕೇಯಾನ್ ಎಂಬ ಅಲ್ಪಾಯುಷಿ ಕಣ ಎರಡು ಪ್ರೋಟಾನುಗಳನ್ನು ಒಟ್ಟಿಗೆ ಹಿಡಿದಿಟ್ಟರೆ ನಮ್ಮ ಗ್ರಾಫಿನಲ್ಲಿ ಒಂದು ಉಬ್ಬು ಕಾಣಬೇಕು. ತಂಡದ ಎಚ್ಚರವನ್ನು ಪರೀಕ್ಷಿಸಲು ದತ್ತಾಂಶದೊಳಗೆ ಸುಳ್ಳು ಉಬ್ಬೊಂದನ್ನು ಗುಟ್ಟಾಗಿ ಬೆರೆಸುವುದು ನಮ್ಮ ಪದ್ಧತಿ. ಈ ಸಲ ಬೆರೆಸಿದವನು ನಾನು. ನಿಮಗೆ ಕಂಡದ್ದು ಅದೇ.

“ಸಿಕ್ಕಿಬಿಡ್ತು ಸರ್! ಆ ಜಗಳಗಂಟ ಪ್ರೋಟಾನುಗಳನ್ನ ಕೇಯಾನ್ ಹೇಗೆ ಜುಟ್ಟು ಹಿಡಿದು ಕೂರಿಸಿದೆ ನೋಡಿ! ಇದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಆ ಕೆಲಸಕ್ಕೆ ಬರಲ್ಲ ಅಂತ ಬರೆದುಹಾಕಿಬಿಟ್ಟೆ” ಎಂದಿರಿ.

ಮುಂದಿನ ವಾರದ ಸಭೆಯವರೆಗೆ ಗುಟ್ಟು ಬಿಟ್ಟುಕೊಡಬಾರದೆಂಬುದು ನಿಯಮ. ಅಷ್ಟರಲ್ಲಿ ಆ ಹುದ್ದೆ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ನಿಯಮ ಮುರಿದಿದ್ದೇನೆ; ನಿರ್ದೇಶಕರಿಗೂ ತಿಳಿಸಿದ್ದೇನೆ. ಪರೀಕ್ಷೆ ಕೆಟ್ಟದ್ದರ ಹೊಣೆ ನನ್ನದು, ನೀವು ಅದರ ಗೋಜಿಗೆ ಹೋಗಬೇಡಿ.

ಸುಮ್ಮನಿರುವುದಷ್ಟೇ ನನ್ನ ಕರ್ತವ್ಯವಾಗಿತ್ತು. ನೀವು ಕೈ ಚಾಚಿದಾಗ ನಾನೂ ಕೈ ಕುಲುಕಿ, “ಬಹಳ ಸಂತೋಷವಮ್ಮ” ಎಂದೆನಲ್ಲ, ಅದನ್ನು ಯಾವ ನಿಯಮವೂ ಕೇಳಿರಲಿಲ್ಲ.

ಎದುರು ನಿಂತು ಹೇಳಲಾಗದ,
ನಿಮ್ಮ ತಂಡದ ಹಿರಿಯ ಎಂಜಿನಿಯರ್