ಹೆಲ್ವಿಗೆಂದು ಕೊಂಡ ಷೇರುಗಳು

ಥಂಡರ್ ಬೇ
ಏಪ್ರಿಲ್ 14, 2016

ಪ್ರಿಯ ಓರೆಸ್ಟ್,

ನೀನೂ ಓಲ್ಹಾಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಕ್ರಿಸ್ಮಸ್ಸಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಸ್ಟರ್ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಕೋ. ಬರೆಯಲು ಕೂತಾಗಲೆಲ್ಲ ನಿನ್ನ ಕಾಗದದ ಕೊನೆಯ ಸಾಲಿಗೆ ಬಂದು ನಿಂತುಬಿಡುತ್ತಿದ್ದೆ. "ಹೆಲ್ವಿಗೆ ನನ್ನ ನೆನಪು ಹೇಳು, ಅವಳ ಏಲಕ್ಕಿ ಬ್ರೆಡ್ಡಿನ ರುಚಿ ಈ ಕೆಲೋನಾ ಊರಿನಲ್ಲಿ ಯಾರ ಕೈಗೂ ಬರುವುದಿಲ್ಲ" ಎಂದು ಬರೆದಿದ್ದೆಯಲ್ಲ, ಅಲ್ಲಿಗೆ. ಓರೆಸ್ಟ್, ನನ್ನ ಹೆಲ್ವಿ ಹೋದ ಜೂನ್‌ನಲ್ಲಿ ತೀರಿಕೊಂಡಳು. ಮೇದೋಜೀರಕದ ಕ್ಯಾನ್ಸರ್. ನಿನಗೆ ಆಗಲೇ ತಿಳಿಸಬೇಕಿತ್ತು. ತಿಳಿಸಿದರೆ ನೀನು ಸಮಾಧಾನ ಹೇಳಿ ಬರೆಯುತ್ತೀಯ, ಅದನ್ನು ನಾನು ಓದಬೇಕಾಗುತ್ತದೆ ಎಂದು ಹಿಂದೇಟು ಹಾಕಿದೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ಆ ಟೆಲಿಫೋನ್ ಕಂಪನಿ ಷೇರುದಾರರಿಗೆ ಹಂಚುವ ಡಿವಿಡೆಂಡನ್ನು ಅರ್ಧಕ್ಕೆ ಇಳಿಸಿದೆ, ಇಟ್ಟುಕೊಳ್ಳಲೋ ಮಾರಲೋ ಎಂದಿದ್ದೀಯ. ನಾನು ಮಾರಿದೆ. ಬೆಲೆ ಬಿತ್ತೆಂದಲ್ಲ. ಬೆಲೆ ಏಳುತ್ತದೆ, ಬೀಳುತ್ತದೆ, ನಾವು ಯಾವತ್ತು ಅದನ್ನು ನೋಡಿಕೊಂಡು ಕೂತವರು? ಆದರೆ ವರದಿ ತರಿಸಿ ಓದಿದರೆ, ಅವರು ಗಳಿಸಿದ್ದಕ್ಕಿಂತ ಹೆಚ್ಚು ಹಂಚುತ್ತಾ ಬಂದಿದ್ದಾರೆ. ಸಾಲ ತೆಗೆದು ನಮಗೆ ಕೊಟ್ಟಿದ್ದಾರೆ. ಬೇರೆಯವರೆಲ್ಲ ನೂರಕ್ಕೆ ನಾಲ್ಕು ಕೊಡುವಾಗ ಇವರು ಒಂಬತ್ತು ಕೊಡುತ್ತಿದ್ದಾಗಲೇ ನಮಗೆ ಅನುಮಾನ ಬರಬೇಕಿತ್ತು. ಬಂದ ದುಡ್ಡನ್ನು ವಿದ್ಯುತ್ ಕಂಪನಿಗೆ ಹಾಕಿದೆ. ಕೊಡುವುದು ಕಡಿಮೆಯೇ, ಆದರೆ ವರ್ಷವರ್ಷವೂ ಒಂದಿಷ್ಟು ಏರಿಸಿಕೊಂಡು ಬಂದಿದೆ. ಬ್ಯಾಂಕು, ರೈಲ್ವೆ, ಗ್ಯಾಸ್ ಪೈಪಿನ ಕಂಪನಿ ಇದ್ದ ಹಾಗೇ ಇವೆ, ಅವನ್ನು ಮುಟ್ಟಿಲ್ಲ.

ಈ ದಾರಿಗೆ ನನ್ನನ್ನು ಹಚ್ಚಿದವನು ನೀನೇ. ನಾವು ದುಡಿಯುತ್ತಿದ್ದ ಬಂದರಿನ ಗೋಧಿ ಕಣಜದಲ್ಲಿ ಮಿಕ್ಕವರೆಲ್ಲ ದೋಣಿ, ಸ್ನೋಮೊಬೈಲ್ ಎಂದು ಸಂಬಳ ಸುರಿಯುತ್ತಿದ್ದಾಗ ನೀನು ಊಟದ ಬೆಂಚಿನ ಮೇಲೆ ಪೇಪರು ಹರಡಿಕೊಂಡು, "ನೋಡು ವೈಕ್ಕೋ, ಜನವರಿ ಚಳೀಲಿ ಜನ ಏನನ್ನ ಬಿಟ್ಟಿರೋಕಾಗಲ್ವೋ ಅದನ್ನ ಮಾರೋ ಕಂಪನಿ ತಗೋ. ತಗೊಂಡು ಸುಮ್ಮನಿರು, ಅದೇ ಕಷ್ಟದ ಕೆಲಸ," ಅಂದಿದ್ದೆ. ಸುಮ್ಮನಿದ್ದೆ. ಬಂದ ಡಿವಿಡೆಂಡಿಗೆಲ್ಲ ಮತ್ತೆ ಷೇರನ್ನೇ ಕೊಂಡೆ. ಆಮೇಲೆ, ಗೋಧಿಯ ಧೂಳು ನನ್ನ ಶ್ವಾಸಕೋಶದಲ್ಲಿ ಶಾಶ್ವತವಾಗಿ ಕೂತಿದೆ ಎಂದು ಡಾಕ್ಟರು ಹೇಳಿದ ಮೇಲೆ, ಕೊಂಡ ಒಂದೊಂದು ಷೇರನ್ನೂ ನಾನಿಲ್ಲದ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಕೊಂಡೆ. ಹೆಲ್ವಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳ ತಾಯಿ ತೊಂಬತ್ತು ದಾಟಿ ಬದುಕಿದಾಕೆ. ಜೀವಮಾನವೆಲ್ಲ ಊರಿನ ಹೆಂಗಸರ ತಲೆಕೂದಲು ಸುರುಳಿ ಮಾಡಿದವಳಿಗೆ ಪಿಂಚಣಿ ಎಲ್ಲಿಂದ ಬರಬೇಕು? ಮನೆಯ ತೆರಿಗೆಗೆ ಬ್ಯಾಂಕಿನ ಷೇರು, ಒಲೆಗೆ ಗ್ಯಾಸಿನದು, ವರ್ಷಕ್ಕೊಮ್ಮೆ ಮಗಳು ರೈಲಿಯನ್ನು ನೋಡಲು ವಿನ್ನಿಪೆಗ್‌ಗೆ ಹೋಗಿಬರಲು ರೈಲ್ವೆಯದು. ಹೀಗೆ ಅವಳ ವೈಧವ್ಯವನ್ನು ನಾನು ಒಪ್ಪವಾಗಿ ಜೋಡಿಸಿಟ್ಟಿದ್ದೆ.

ಅವಳಿಗೆ ಈ ಮಾತೇ ಆಗುತ್ತಿರಲಿಲ್ಲ. ಕಾಗದಪತ್ರ ತೆಗೆದರೆ ಸಾಕು, ಎದ್ದು ಹೋಗುತ್ತಿದ್ದಳು. "ನೀನು ಸತ್ತ ಮೇಲಿನ ಲೆಕ್ಕಾನ ನೀನು ಕಾಫಿ ಕುಡೀತಾ ಹೇಳ್ತೀಯ. ನಾನು ಅದನ್ನ ಕೇಳ್ತಾ ಹೇಗೆ ಕುಡೀಲಿ?" ಎಂದು ಒಮ್ಮೆ ಲೋಟದ ಕಾಫಿಯನ್ನೇ ಸಿಂಕಿಗೆ ಸುರಿದಿದ್ದಳು.

ಆಮೇಲೆ ಏನಾಯಿತೋ. ಆಚೆ ವರ್ಷದ ಅಕ್ಟೋಬರ್‌ನಲ್ಲಿ ಒಂದು ಭಾನುವಾರ, ಸೌನಾದಲ್ಲಿ ಹಬೆಸ್ನಾನ ಮುಗಿಸಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಅಡುಗೆಮನೆಯ ಮೇಜಿಗೆ ಕೂತಳು. "ಸರಿ, ಕಲಿಸು. ಇನ್ನು ಪ್ರತಿ ಭಾನುವಾರ," ಅಂದಳು. ನನಗಾದ ಸಂತೋಷವನ್ನು ನಿನಗೆ ಹೇಗೆ ಹೇಳಲಿ. ಆ ಚಳಿಗಾಲವೆಲ್ಲ ಪಾಠ ನಡೆಯಿತು. ಸರೋವರದ ಗಾಳಿ ಕಿಟಕಿ ಅಲುಗಿಸುತ್ತಿತ್ತು, ನಾನು ಕೆಮ್ಮನ್ನೂ ಮರೆತು ಹೇಳುತ್ತಿದ್ದೆ, ಅವಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಕಂಪನಿ ಗಳಿಸಿದ್ದರಲ್ಲಿ ಎಷ್ಟು ಹಂಚುತ್ತದೆ, ಕೆಟ್ಟ ವರ್ಷದಲ್ಲೂ ಹಂಚಿತೇ, ಸಾಲವೆಷ್ಟು, ಯಾವ ಖಾತೆಯಲ್ಲಿಟ್ಟರೆ ತೆರಿಗೆ ಬೀಳುವುದಿಲ್ಲ, ಎಲ್ಲ. ಪ್ರಶ್ನೆಗಳನ್ನೂ ಕೇಳುತ್ತಿದ್ದಳು. ಡಿವಿಡೆಂಡ್ ಇಳಿಸಿದರೆ ಹೆದರಿ ಮಾರಬೇಕೇ ಎಂದು ಕೇಳಿದ್ದಳು. ಮೊದಲು ಯಾಕೆ ಇಳಿಸಿದರು ಅಂತ ವಿಚಾರಿಸು, ಆಮೇಲೆ ಹೆದರು ಎಂದಿದ್ದೆ. ಮಾರ್ಚ್ ಹೊತ್ತಿಗೆ ಎಲ್ಲವನ್ನೂ ತಾನೇ ಬಾಯಲ್ಲಿ ಒಪ್ಪಿಸಿದಳು, ಒಂದು ತಪ್ಪಿಲ್ಲ. "ಇನ್ನು ನಾನು ನಿಶ್ಚಿಂತೆಯಿಂದ ಹೋಗಬಹುದು," ಅಂದೆ. ಅವಳು ಎದ್ದು ಹೋಗಿ ನಲ್ಲಿ ತಿರುಗಿಸಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಅವಳು ಸಣ್ಣಗಾಗುತ್ತಿದ್ದಳು. ನನ್ನ ಚಿಂತೆಯಲ್ಲಿ ಸೊರಗುತ್ತಿದ್ದಾಳೆ ಎಂದುಕೊಂಡಿದ್ದೆ. ಸಕ್ಕರೆ ಬಿಟ್ಟಿದ್ದೇನೆ ಎಂದು ಅವಳು ಹೇಳಿದಳು. ಮೇ ತಿಂಗಳಲ್ಲಿ ಕಣ್ಣು ಹಳದಿಯಾಯಿತು, ಆಸ್ಪತ್ರೆ ಸೇರಿದಳು, ಆಗ ನನಗೆ ಕಾಯಿಲೆಯ ಹೆಸರು ತಿಳಿಯಿತು. ಜೂನ್‌ನಲ್ಲಿ, ಹಿತ್ತಿಲಲ್ಲಿ ಅವಳ ಲೈಲಾಕ್ ಅರಳುವ ಹೊತ್ತಿಗೆ, ಮುಗಿದುಹೋಯಿತು. ಉಸಿರಿಗೆ ತೇಕುವ ನಾನು ಉಳಿದೆ. ಎಂದೂ ನೆಗಡಿಯಾಗಿ ಮಲಗದವಳು ಹೋದಳು.

ಆಮೇಲೆ ಬ್ಯಾಂಕಿಗೆ ಹೋಗಿ ಜಂಟಿ ಖಾತೆಯಿಂದ ಅವಳ ಹೆಸರು ತೆಗೆಸಬೇಕಾಯಿತು. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಮೆತ್ತಗೆ ಮಾತಾಡಿದಳು. "ಇನ್ಮೇಲೆ ಎಲ್ಲಾ ನಿಮ್ಮೊಬ್ಬರ ಹೆಸರಲ್ಲೇ ಇರುತ್ತೆ ಸರ್," ಅಂದಳು. ಹೊರಗೆ ಬಂದು ಕಾರಿನಲ್ಲಿ ಕೂತೆ. ಯಾವ ರಸ್ತೆ ಹಿಡಿದರೆ ಮನೆ ಬರುತ್ತದೆ ಎಂಬುದೇ ಸ್ವಲ್ಪ ಹೊತ್ತು ತೋಚಲಿಲ್ಲ. ಡಿವಿಡೆಂಡ್ ಈಗಲೂ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಯಾರಿಗಾಗಿ ಬರುತ್ತಿದೆಯೋ ಅವಳಿಲ್ಲ ಎಂದು ಆ ದುಡ್ಡಿಗೆ ಹೇಳುವವರು ಯಾರು? ಆ ದುಡ್ಡಿನಿಂದ ಮತ್ತೆ ಷೇರು ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಖರ್ಚು ಮಾಡಲೂ ಮನಸ್ಸು ಬಾರದು.

ಈಸ್ಟರ್‌ಗೆ ರೈಲಿ ಬಂದಿದ್ದಳು. ಗಂಡನಿಂದ ಬೇರೆಯಾಗಿ ಒಬ್ಬಳೇ ದುಡಿದು ತಿನ್ನುತ್ತಿದ್ದಾಳೆ, ಇದೆಲ್ಲ ಇನ್ನು ಅವಳಿಗೇ ತಾನೆ ಎಂದು ಅದೇ ಮೇಜಿಗೆ ಕೂರಿಸಿದೆ. ಆ ಚಳಿಗಾಲ ನಿಮ್ಮಮ್ಮ ಎಷ್ಟು ಚೆನ್ನಾಗಿ ಕಲಿತಳು ಗೊತ್ತೇ ಎಂದು ಪಾಠ ಶುರುಮಾಡಿದೆ. ಹುಡುಗಿ ಕೋಟೂ ಹಾಕಿಕೊಳ್ಳದೆ ಎದ್ದು ಹಿತ್ತಿಲಿಗೆ ಹೋಗಿ ಹಿಮದಲ್ಲಿ ನಿಂತುಬಿಟ್ಟಳು.

ಇರಲಿ. ಜೂನ್‌ನಲ್ಲಿ ವಿದ್ಯುತ್ ಕಂಪನಿಯದನ್ನೂ ರೈಲ್ವೆಯದನ್ನೂ ಅವಳ ಹೆಸರಿಗೆ ಮಾಡಿಸುತ್ತೇನೆ. ನೀನೂ ಆ ಟೆಲಿಫೋನಿನದನ್ನು ಮಾರು. ಓಲ್ಹಾಳ ಮಂಡಿನೋವು ಬೇಗ ಇಳಿಯಲಿ. ನಿಮ್ಮಿಬ್ಬರ ಮನೆಯಲ್ಲಿ ಬೆಳಗ್ಗೆ ಎರಡು ಲೋಟ ಕಾಫಿ ಬಹಳ ಕಾಲ ಕಾಯುತ್ತಿರಲಿ. ದೇವರು ಅಷ್ಟು ಮಾಡಲಿ.

ನಿನ್ನ ಗೆಳೆಯ,
ವೈಕ್ಕೋ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಹಿತ್ತಿಲಿನಿಂದ ಒಳಗೆ ಬಂದ ಮೇಲೆ ರೈಲಿ ಹೇಳಿದಳು: "ಅಪ್ಪ, ಅಮ್ಮನಿಗೆ ಆ ಅಕ್ಟೋಬರ್‌ನಲ್ಲೇ ಗೊತ್ತಾಗಿತ್ತು. ಬೇಸಿಗೆ ದಾಟಲ್ಲ ಅಂತ ಡಾಕ್ಟರ್ ಹೇಳಿದ್ರು. ನಂಗೊಬ್ಬಳಿಗೆ ಹೇಳಿ ಆಣೆ ಹಾಕಿಸಿಕೊಂಡಿದ್ಲು. ಪಾಠ ಹೇಳ್ತಿರೋವಾಗ ನಿಮ್ಮಪ್ಪ ಸಲೀಸಾಗಿ ಉಸಿರಾಡ್ತಾರೆ ಕಣೆ, ಅದನ್ಯಾಕೆ ಕೆಡಿಸಲಿ ಅಂದ್ಲು." ನಾನಿಲ್ಲದೆ ಬದುಕುವುದನ್ನು ಅವಳು ಚಳಿಗಾಲವಿಡೀ ನನ್ನೆದುರು ಕೂತು ಕಲಿತಳು, ಓರೆಸ್ಟ್. ಒಂದು ಭಾನುವಾರ ಪಾಠದ ನಡುವೆ ನನ್ನ ಕೈ ಹಿಡಿದುಕೊಂಡು, "ಹಿಂದೆ ಉಳಿದವರಿಗೆ ತುಂಬ ಕಷ್ಟ ಆಗುತ್ತಾ, ವೈಕ್ಕೋ?" ಎಂದು ಕೇಳಿದ್ದಳು. ಡಿವಿಡೆಂಡ್ ಸರಿಯಾಗಿ ಬರುತ್ತಿದ್ದರೆ ಏನೂ ಕಷ್ಟವಿಲ್ಲ ಎಂದು ನಾನು ಹೇಳಿದ್ದೆ.