ನಿಕ್ಕಲ್ ಸಿಕ್ಕ ದಿನ

ಕಾನಹೊಸಹಳ್ಳಿ
೧೮ ನವೆಂಬರ್ ೨೦೨೪, ಸೋಮವಾರ

ನನ್ನ ಪಾಲಮ್ಮಕ್ಕನಿಗೆ,

ನಿನ್ನ ತಂಗಿ ದುರ್ಗಾಳ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಅವ್ವನ ಮಂಡಿನೋವು ಹಾಗೇ ಇದೆ. ಮಾವನ ಕಣ್ಣಿನ ಕಟ್ಟು ಬಿಚ್ಚಿದರೆಂದು ಹಡಗಲಿಯಿಂದ ಬಂದವರು ಹೇಳಿದರು. ಎಡಗಣ್ಣು ಇನ್ನು ಕಾಣುವುದಿಲ್ಲವಂತೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸದಾ ಮಾವನ ಪಕ್ಕದಲ್ಲೇ ಇರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬಳೇ ಇರುವಾಗ ಓದು. ನಡುವೆ ಹರಿದು ಎಸೆಯಬೇಡ.

ನಿನ್ನ ಗಂಡನ ಕಣ್ಣು ಹೋಗಿದ್ದು ಕಾಂತೇಶ್ ಸರ್ ಕೈಯಿಂದಲ್ಲ, ಅಕ್ಕ. ನನ್ನ ಕೈಯಿಂದ.

ನಮ್ಮ ಗುಡ್ಡದ ನೆತ್ತಿಯ ಮೇಲೆ ತುಕ್ಕು ಹಿಡಿದಂಥ ಕೆಂಪು ಕಲ್ಲಿನ ಸಾಲು ಇದೆಯಲ್ಲ, ಸರ್ ಬಂದದ್ದು ಅದನ್ನು ಹುಡುಕಿಕೊಂಡು. ಒಳಗಿನ ಅದಿರು ಗಾಳಿ ಮಳೆಗೆ ಕೊಳೆತು ಮೇಲೆ ಹೀಗೆ ತುಕ್ಕಾಗಿ ಕೂರುತ್ತದೆ ಎನ್ನುತ್ತಿದ್ದರು. ಒಡೆದರೆ ಒಳಗೆ ಗಿಳಿಹಸಿರು ಕಲೆಗಳು; ಅವು ತಾಮ್ರದವು. ತಾಮ್ರದ ಜೊತೆ ನಿಕ್ಕಲ್ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಆಳಕ್ಕೆ ಇಳಿದಿದೆ, ಅದನ್ನು ತಿಳಿಯಲು ಯಂತ್ರ ತಂದು ಕೊರೆಸುತ್ತಿದ್ದರು. ಕೊರೆದಾಗ ಮೇಲೆ ಬರುವ ಉದ್ದುದ್ದ ಕಲ್ಲಿನ ಸಲಾಕೆಗಳನ್ನು ತೊಳೆದು, ಆಳದ ನಂಬರು ಬರೆದು, ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸುವುದು ನನ್ನ ಕೆಲಸ. ಇಷ್ಟು ನಿನಗೆ ಗೊತ್ತು.

ಕೊರೆಯುವ ಯಂತ್ರಕ್ಕೆ ನೀರು ಬೇಕು. ಅದಕ್ಕೆಂದು ಪಕ್ಕದಲ್ಲಿ ಆಳೆತ್ತರದ ಗುಂಡಿ ತೋಡಿದ್ದರು. ಮೇಲೆ ನೀರು, ಕೆಳಗೆ ಬೆಣ್ಣೆಯಂಥ ನುಣುಪು ಕೆಸರು. ದನಕರು ಬೀಳಬಾರದೆಂದು ಸರ್ ತಾವೇ ನಿಂತು ಸುತ್ತ ಜಾಲಿ ಮುಳ್ಳು ಹಾಕಿಸಿದ್ದರು. ಸೆಪ್ಟೆಂಬರ್ ಹನ್ನೊಂದರ ಮಧ್ಯಾಹ್ನ ಪೈಪು ಕಟ್ಟಿಕೊಂಡು ತೊಳೆಯಲು ನೀರು ಬರಲಿಲ್ಲ. ನಾನು ಮುಳ್ಳು ಸರಿಸಿ ಗುಂಡಿಯಿಂದ ಕೊಡ ತುಂಬುತ್ತಿದ್ದೆ. ಅಷ್ಟರಲ್ಲಿ ಯಂತ್ರ ನಡೆಸುವ ಗಾದಿಲಿಂಗ ಕೂಗಿದ, 'ಏ ದುರ್ಗಾ, ಓಡಿ ಬಾರಲೇ, ಬಣ್ಣ ಬದಲಾಗೈತಿ!'

ಓಡಿದೆ. ನೂರ ಹನ್ನೆರಡನೆಯ ಮೀಟರಿನಲ್ಲಿ ಕರಿಕಲ್ಲು ಮುಗಿದು ಕಂಚಿನಂತೆ ಹೊಳೆಯುವ ಭಾರದ ಕಲ್ಲು ಬಂದಿತ್ತು. ನಡುವೆ ಹಿತ್ತಾಳೆ ಹಳದಿಯ ಎಳೆಗಳು. ಸರ್ ದಾರಕ್ಕೆ ಕಟ್ಟಿದ ಅಯಸ್ಕಾಂತ ಹಿಡಿದರೆ ಅದು ಎಗರಿ ಕಲ್ಲಿಗೆ ಅಂಟಿತು. ಆರು ತಿಂಗಳು ನಗದ ಮನುಷ್ಯ ಮಗುವಿನ ಹಾಗೆ ನಕ್ಕರು. ಇಂಥ ಕಲ್ಲಿನಲ್ಲೇ ನಿಕ್ಕಲ್ ಇರುತ್ತದೆ ಅಂದರು. ಎಲ್ಲರೂ ಆ ಮೊಳದುದ್ದದ ಕಲ್ಲಿನ ಸುತ್ತ ಕುಕ್ಕರಗಾಲಲ್ಲಿ ಕೂತೆವು. ನಾನು ಸರಿಸಿದ ಮುಳ್ಳು ಸರಿಸಿದಂತೆಯೇ ಇತ್ತು.

ಅವತ್ತು ನಮ್ಮ ಗುಡ್ಡಕ್ಕೆ ಕುರಿ ಮೇಯಿಸಲು ಬಂದಿದ್ದ ಮಾವ ಬೇವಿನ ನೆರಳಲ್ಲಿ ರೊಟ್ಟಿಗಂಟು ಬಿಚ್ಚಿದ್ದನಂತೆ. ಕುರಿಗಳು ನೀರಿನ ವಾಸನೆ ಹಿಡಿದು ಹೋದವು. ಒಂದು ಜಾರಿತು. ಕುರಿ ಜಾತಿ, ಒಂದರ ಹಿಂದೆ ಒಂದು. ಮಾವನ ಕೂಗು ಕೇಳಿ ನಾವು ಓಡಿದಾಗ ಅವನು ಎದೆಮಟ್ಟದ ಕೆಸರಿನಲ್ಲಿ ನಿಂತು ಕಿವಿ ಹಿಡಿದು, ಕೊಂಬು ಹಿಡಿದು ದಡಕ್ಕೆ ಎಸೆಯುತ್ತಿದ್ದ. ಸರ್ ಬೂಟಿನೊಂದಿಗೇ ಇಳಿದರು. ನಾನೂ ಎಳೆದೆ. ಬಾಯಿ ಮೂಗಿಗೆಲ್ಲ ಕೆಸರು ಮೆತ್ತಿ ಹತ್ತೊಂಬತ್ತು ಕುರಿ ಸತ್ತವು. ಒಂದು ಗಬ್ಬದ ಕುರಿಯ ಹೊಟ್ಟೆ, ಅದು ಸತ್ತ ಮೇಲೂ ಸ್ವಲ್ಪ ಹೊತ್ತು ಮಿಸುಕಾಡಿತು. ಮಾವ ಅದರ ಮೇಲೆ ಕೈಯಿಟ್ಟು ಕೂತಿದ್ದ.

'ಮುಳ್ಳು ತಗದವರು ಯಾರು?' ಎಂದು ಕೇಳಿದ.

ನಾನು ಬಾಯಿ ಬಿಡಬೇಕಿತ್ತು. ಸರ್ ನನ್ನ ಮುಖ ನೋಡಿದರು. 'ಇಲ್ಲಿ ಏನ್ ನಡೆದ್ರೂ ಜವಾಬ್ದಾರಿ ನಂದು, ಪಾಲಾಕ್ಷಪ್ಪ. ತಪ್ಪು ನಂದೇ' ಅಂದರು. ಮಾವನ ಎದುರಿಗೇ ಮೇಲಿನವರಿಗೆ ಫೋನ್ ಹಚ್ಚಿದರು. ಆ ಕಡೆಯ ದನಿ ಎಲ್ಲರಿಗೂ ಕೇಳಿಸಿತು: ಕುರಿಯವನು ಅಲ್ಲಿಗೆ ಯಾಕೆ ಬಂದ, ಮೊದಲು ಅವನ ಮೇಲೆ ಕೇಸು ಹಾಕಿ. ಮಾವ ಎದ್ದು ಉಳಿದ ಕುರಿ ಹೊಡೆದುಕೊಂಡು ಗುಡ್ಡ ಇಳಿದ.

ಮಾರನೆಯ ದಿನ ಬಿಸಿಲು ನೆತ್ತಿಗೆ ಬಂದಾಗ ನಾಲ್ವರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಕೊಡಲಿ. ಗಾದಿಲಿಂಗನಿಗೆ ಮೊದಲ ಏಟು ಬಿತ್ತು. ಅವನು ಬೆನ್ನು ಹಿಡಿದುಕೊಂಡು ಓಡಿದ, ನಾಲ್ವರು ಅವನ ಹಿಂದೆ ಹೋದರು. ಮಾವ ತಗಡಿನ ಶೆಡ್ಡಿಗೆ ನುಗ್ಗಿ ಪೆಟ್ಟಿಗೆಗಳನ್ನು ಒಂದೊಂದಾಗಿ ಒದ್ದು ಕೆಡವಿದ. ಆರು ತಿಂಗಳು ನಾನು ಜೋಡಿಸಿದ ಕಲ್ಲು ಅಂಗಳದಲ್ಲಿ ಚೆಲ್ಲಿ ಯಾವುದು ಯಾವ ಆಳದ್ದೋ ತಿಳಿಯದಾಯಿತು. ಸರ್ ಕೊನೆಯ ಪೆಟ್ಟಿಗೆಯ ಮುಂದೆ ನಿಂತು, 'ಪಾಲಾಕ್ಷಪ್ಪ, ಕೂತು ಮಾತಾಡೋಣ' ಅಂದರು. ಮಾವ ಕೊಡಲಿಯ ಹಿಂಬದಿಯಿಂದ ಬೀಸಿದ. ಸರ್ ಅಡ್ಡ ಹಿಡಿದ ಕೈ ಮುರಿದ ಸದ್ದು ಒಣ ತೊಗರಿ ಕಡ್ಡಿ ಮುರಿದ ಹಾಗೆ ಕೇಳಿಸಿತು. ಅವರು ಕಲ್ಲಿನ ರಾಶಿಯ ಮೇಲೆ ಬಿದ್ದರು. ಮಾವ ಕೊಡಲಿ ತಿರುಗಿಸಿ ಬಾಯಿ ಕೆಳಗೆ ಮಾಡಿದ.

'ಹತ್ತೊಂಬತ್ತು ಜೀವಕ್ಕ ಒಂದು ಜೀವ ಕೊಡಲೇ ನನಗ!'

ಬೇರೆಯವರಿಗಾಗಿದ್ದರೆ ಹೆದರಿಸುತ್ತಿದ್ದಾನೆ ಅನ್ನಿಸಬಹುದಿತ್ತು. ನನಗೆ ಅವನ ಕತ್ತಿನ ನರ ಕಾಣುತ್ತಿತ್ತು. ಮೇಜಿನ ಮೇಲೆ ಸರ್ ಕಲ್ಲೊಡೆಯುವ ಸುತ್ತಿಗೆ ಇತ್ತು, ಒಂದು ತುದಿ ಚಪ್ಪಟೆ, ಇನ್ನೊಂದು ಚೂಪು. ಹಿಂದಿನಿಂದ ಹೋಗಿ ಎರಡೂ ಕೈಯಲ್ಲಿ ಬೀಸಿದೆ. ಮಾವ ಬಿದ್ದ. ಅವನ ಮುಖದಿಂದ ರಕ್ತ ನಾನು ನಂಬರು ಬರೆದ ಕಲ್ಲಿನ ಮೇಲೆ ಹರಿಯಿತು. ಸೆರಗು ಒತ್ತಿ ಹಿಡಿದೆ, ನಿಲ್ಲಲಿಲ್ಲ.

ಸರ್ ತೆವಳಿಕೊಂಡು ಬಂದು, 'ಸುತ್ತಿಗೆ ಇಲ್ಲಿ ಕೊಡಮ್ಮ' ಅಂದರು. ಕೊಟ್ಟೆ. 'ನೀನು ಈ ಊರಾಗೆ ಬಾಳಬೇಕು. ನಾನು ಇವತ್ತಲ್ಲ ನಾಳೆ ಹೋಗೋನು' ಅಂದರು. ಜನ ಸೇರಿದಾಗ ಸುತ್ತಿಗೆ ಅವರ ಕೈಯಲ್ಲಿತ್ತು. ಅವರೇ ಜೀಪು ತರಿಸಿ ಮಾವನನ್ನು ಕೂಡ್ಲಿಗಿಗೆ ಕಳಿಸಿದರು. ಅಲ್ಲಿಂದ ಬಳ್ಳಾರಿಗೆ ನಾನೇ ಜೊತೆಗೆ ಬಂದೆ. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. ನೀನು ಬಂದವಳೇ ನನ್ನನ್ನು ತಬ್ಬಿಕೊಂಡು, 'ನೀ ಇದ್ದಿ ಅಂತ ಉಳದಾನವ್ವ' ಅಂದೆ. ನಾನು ತಬ್ಬಿಸಿಕೊಂಡೆ. ಮಾವ ಪ್ರಜ್ಞೆ ಬಂದಾಗ ಪೊಲೀಸರ ಮುಂದೆ 'ಆ ಸರ್ ಹೊಡದಾನ' ಎಂದು ಹೇಳಿಕೆ ಕೊಟ್ಟ. ಹಿಂದಿನಿಂದ ಬಿದ್ದ ಏಟು, ಯಾರದೆಂದು ಅವನಿಗೆ ಹೇಗೆ ತಿಳಿಯಬೇಕು ಎಂದುಕೊಂಡು ಸುಮ್ಮನಾದೆ.

ಸರ್ ಅವರನ್ನು ಹಿಡಿದು ಒಯ್ದ ದಿನ ಠಾಣೆಯ ಮುಂದೆ ನೀನು ಅವರ ತಾಯಿಯ ಕೂದಲು ಹಿಡಿದು ನೆಲಕ್ಕೆ ಕೆಡವಿ ಚಪ್ಪಲಿಯಲ್ಲಿ ಹೊಡೆದೆ. ಹರಪನಹಳ್ಳಿಯ ಆ ಯಶೋಧರಾ ಟೀಚರು ಒಂದು ಕೈಯನ್ನೂ ಎತ್ತಲಿಲ್ಲ. ನಾನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ, ಅಕ್ಕ. ಬಿಡಿಸಲಿಲ್ಲ.

ಹೋದ ಗುರುವಾರ ಅವರು ನಮ್ಮ ಮನೆಗೆ ಬಂದರು. ಹುಬ್ಬಿನ ಮೇಲೆ ನಿನ್ನ ಚಪ್ಪಲಿಯ ಗಾಯ ಇನ್ನೂ ಇದೆ. 'ಜೈಲಲ್ಲಿ ಕೈ ಸರಿಯಾಗಿ ಕೂತಿಲ್ಲ ಕಣಮ್ಮ, ಸೊಟ್ಟಗಾಗಿದೆ. ನನ್ನ ಮಗ ಏನು ಕೇಳಿದ್ರೂ ಬಾಯಿ ಬಿಡಲ್ಲ. ಅವತ್ತು ನೀನು ಅಲ್ಲೇ ಇದ್ದೆಯಂತೆ. ಏನಾತು ಹೇಳು' ಅಂದರು. ಅವ್ವ ಒಳಗಿನಿಂದ 'ಆಕಿಗೇನ್ ಗೊತ್ತಿಲ್ರಿ, ನಡೀರಿ ನೀವು' ಎಂದು ಕೂಗಿದಳು. ಅವರು ನೀರನ್ನೂ ಕುಡಿಯದೆ ಎದ್ದು ಹೋದರು.

ನಿನಗೆ ತಿಳಿದಿರಲಿ, ಅಲ್ಲಿ ನಿಕ್ಕಲ್ ಇರುವುದು ನಿಜವಂತೆ. ಆದರೆ ಆಮೇಲೆ ಬೇರೆಯವರು ಬಂದು ಇನ್ನೆರಡು ಕಡೆ ಕೊರೆದರೆ ಬರಿ ಕರಿಕಲ್ಲು. ಗಣಿ ಮಾಡುವಷ್ಟಿಲ್ಲ ಎಂದು ಯಂತ್ರ ಕಟ್ಟಿಕೊಂಡು ಹೋದರು. ಗುಂಡಿ ಮುಚ್ಚಿದ್ದಾರೆ. ಕೊರೆದ ತೂತಿಗೆ ಸಿಮೆಂಟು ಬಳಿದಿದ್ದಾರೆ. ಗುಡ್ಡದಲ್ಲಿ ಈಗ ಯಾರೂ ಇಲ್ಲ.

ನಾಳೆ ಕೂಡ್ಲಿಗಿಗೆ ಹೋಗಿ ಸರ್ ವಕೀಲರ ಮುಂದೆ ಎಲ್ಲ ಹೇಳುತ್ತೇನೆ. ಮುಳ್ಳು ಸರಿಸಿದ್ದನ್ನೂ ಹೇಳುತ್ತೇನೆ. ಆಮೇಲೆ ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತಾರೋ ಗೊತ್ತಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅವ್ವನನ್ನು ನಿನ್ನ ಹತ್ತಿರ ಕರೆಸಿಕೋ, ಒಬ್ಬಳೇ ಇದ್ದರೆ ಗುಳಿಗೆ ನುಂಗುವುದಿಲ್ಲ.

ಇನ್ನೂ ನಿನ್ನವಳೇ ಅಂದುಕೊಂಡಿರುವ,
ತಂಗಿ ದುರ್ಗಾ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ನಾನು ಹೊಡೆದದ್ದು ಎರಡು ಏಟು. ಮೊದಲನೆಯದು ಹಿಂದಿನಿಂದ ಭುಜಕ್ಕೆ ಬಿತ್ತು, ಕೊಡಲಿ ಅವನ ಕೈಯಿಂದ ಜಾರಿತು. ಸರ್ ಜೀವ ಅಲ್ಲಿಗೇ ಉಳಿದಿತ್ತು. ಮಾವ ತಿರುಗಿ ನನ್ನ ಮುಖ ನೋಡಿ, 'ದುರ್ಗಾ, ಬ್ಯಾಡವ್ವ' ಅಂದ. ಎರಡನೆಯ ಏಟು ಅವನ ಕಣ್ಣಿಗೆ ಬಿದ್ದದ್ದು ಅದಾದ ಮೇಲೆ. ಅವನಿಗೆ ಹೇಗೆ ತಿಳಿಯಬೇಕು ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದವಳು ನಾನೆಂದು ಅವನಿಗೆ ಅವತ್ತೇ ಗೊತ್ತಿತ್ತು, ಅಕ್ಕ. ಗೊತ್ತಿದ್ದೇ ಪೊಲೀಸರಿಗೆ ಸರ್ ಹೆಸರು ಹೇಳಿದ.